ಪಕ್ಕದೂರಿನ ಜಾತ್ರೆ, ದ್ವೀಪದ ಲೆಕ್ಕ

2007ರ ಏಪ್ರಿಲ್ 15, ಭಾನುವಾರ. ಬಾರ್ಬಡೋಸ್‌ನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ ಅಂದು ಭಾರತ ಮತ್ತು ಪಾಕಿಸ್ತಾನ ಎದುರಾಗುತ್ತವೆ ಎಂದು ವಿಶ್ವಕಪ್ಪಿನ ವೇಳಾಪಟ್ಟಿ ಹಾಕಿದವರಿಂದ ಹಿಡಿದು ಹೋಟೆಲಿನವರು, ಟೂರ್ ಪ್ಯಾಕೇಜ್ ಮಾರಿದವರವರೆಗೆ ಎಲ್ಲರೂ ನಂಬಿಕೊಂಡಿದ್ದರು. ಮೈದಾನಕ್ಕೆ ಇಳಿದದ್ದು ಬಾಂಗ್ಲಾದೇಶ ಮತ್ತು ಐರ್ಲೆಂಡ್. ಒಂದು ತಿಂಗಳ ಹಿಂದೆ, ಮಾರ್ಚ್ 17ರಂದು, ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಬಾಂಗ್ಲಾದೇಶ ಭಾರತವನ್ನು ಸೋಲಿಸಿತ್ತು. ಅದೇ ದಿನ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಐರ್ಲೆಂಡ್ ಪಾಕಿಸ್ತಾನವನ್ನು ಮನೆಗೆ ಕಳಿಸಿತ್ತು. ಮಾರ್ಚ್ 23ರಂದು ಶ್ರೀಲಂಕಾ ಎದುರು ಸೋತ ಮೇಲೆ ಭಾರತದ ಕಥೆಯೂ ಮುಗಿಯಿತು. ರಾಹುಲ್ ದ್ರಾವಿಡ್ ನಾಯಕತ್ವದ ಆ ತಂಡದಲ್ಲಿ ಅನಿಲ್ ಕುಂಬ್ಳೆ, ರಾಬಿನ್ ಉತ್ತಪ್ಪ ಇದ್ದರು. ಬೆಂಗಳೂರಿನಲ್ಲಿ ಅಂದಿನ ಸಂಕಟವನ್ನು ನೆನಪಿಟ್ಟವರು ಇಂದಿಗೂ ಬಹಳ ಮಂದಿ. ಅದೇ ಸೋಲು ಸುಮಾರು ಒಂಬತ್ತು ಸಾವಿರ ಮೈಲಿ ಆಚೆ ಕೋಣೆ ಸಿಂಗರಿಸಿ ಕಾದಿದ್ದ ಹೋಂಸ್ಟೇ ಮಾಲಕಿಯ ಸಂಕಟವೂ ಆಗಿತ್ತು. ಭಾರತ, ಪಾಕಿಸ್ತಾನಗಳಿಂದ ಬರಬೇಕಿದ್ದವರು ಬುಕಿಂಗ್ ರದ್ದು ಮಾಡಿದರು. ಎರಡನೇ ಸುತ್ತಿನ ಪಂದ್ಯಗಳಿದ್ದ ಆಂಟಿಗುವಾ, ಗ್ರೆನಾಡಾ, ಗಯಾನಾ, ಬಾರ್ಬಡೋಸ್‌ಗಳ ಲೆಕ್ಕ ಎರಡು ಪಂದ್ಯಗಳಲ್ಲಿ ತಲೆಕೆಳಗಾಯಿತು.

ದೊಡ್ಡ ಕ್ರೀಡಾಕೂಟ ಬಂದರೆ ಪ್ರವಾಸೋದ್ಯಮ ತಾನಾಗಿ ಬೆಳೆಯುತ್ತದೆ, ಅದರ ಅಲೆ ಸುತ್ತಲಿನ ದ್ವೀಪಗಳ ದಡಕ್ಕೂ ಬಡಿಯುತ್ತದೆ ಎಂಬ ಮಾತನ್ನು ಪ್ರತಿ ಒಲಿಂಪಿಕ್ಸ್‌ಗೂ, ಪ್ರತಿ ವಿಶ್ವಕಪ್‌ಗೂ ಮುನ್ನ ಕೇಳುತ್ತೇವೆ. ಪಕ್ಕದೂರಿನಲ್ಲಿ ಜಾತ್ರೆ ಆದರೆ ದಾರಿಯಲ್ಲಿರುವ ನಮ್ಮೂರಿನ ಚಹಾ ಅಂಗಡಿಗೂ ವ್ಯಾಪಾರ ಆಗುತ್ತದೆ ಎಂಬಂಥ ಎಣಿಕೆ ಇದು. ಆದರೆ ದ್ವೀಪ ಯಾರ ದಾರಿಯಲ್ಲೂ ಇರುವುದಿಲ್ಲ. ಅಲ್ಲಿಗೆ ಹೋಗಲು ಬೇರೆಯೇ ವಿಮಾನ ಬೇಕು, ಬೇರೆ ವೀಸಾ ಬೇಕು, ಬೇರೆ ದಿನಗಳು ಬೇಕು. ಕಳೆದ ಮೂರು ದಶಕಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಪಂದ್ಯದ ಜನಪ್ರಿಯತೆ ನೀರು ದಾಟುವುದಿಲ್ಲ. ದ್ವೀಪದ ಲಾಭ ನಷ್ಟವನ್ನು ತೀರ್ಮಾನಿಸುವುದು ವಿಮಾನದ ಸೀಟು, ಸೀಸನ್ನು, ರಾಜಕೀಯ, ಮತ್ತು ಎಂದಿನಂತೆ ಬರುವ ಹಳೆಯ ಅತಿಥಿಯ ಮನಸ್ಸು.

ಹಳೆಯ ಅತಿಥಿಯಿಂದಲೇ ತೊಡಗೋಣ, ಏಕೆಂದರೆ ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲೇ. ಕೆರಿಬಿಯನ್ ದ್ವೀಪಗಳ ಸೀಸನ್ ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಬ್ರಿಟನ್, ಕೆನಡಾ, ಅಮೆರಿಕಗಳ ಚಳಿಯಿಂದ ತಪ್ಪಿಸಿಕೊಂಡು ಬರುವವರು ಆ ತಿಂಗಳುಗಳಲ್ಲಿ ಹೋಟೆಲುಗಳನ್ನು ಹೇಗೂ ತುಂಬುತ್ತಾರೆ. 2007ರ ವಿಶ್ವಕಪ್ ನಡೆದದ್ದು ಮಾರ್ಚ್ 13ರಿಂದ ಏಪ್ರಿಲ್ 28ರವರೆಗೆ, ಅಂದರೆ ಬಹುಪಾಲು ಸೀಸನ್ನಿನ ಒಳಗೇ. ಕಡಲ ದಡದಲ್ಲಿ ಪುಸ್ತಕ ಓದುತ್ತ ಹತ್ತು ದಿನ ಕಳೆಯಲು ಬರುವ ದಂಪತಿಗೆ ಕ್ರಿಕೆಟ್ ಗದ್ದಲ ಬೇಡ. ದರ ಏರಿದೆ, ಜನಜಂಗುಳಿ ಇದೆ ಎಂದು ಕೇಳಿದರೆ ಆ ವರ್ಷ ಅವರು ಬೇರೆಡೆಗೆ ಹೋಗುತ್ತಾರೆ. ಅವರ ಜಾಗಕ್ಕೆ ಬಂದ ಕ್ರಿಕೆಟ್ ಅಭಿಮಾನಿಯನ್ನು ಮಾತ್ರ ಎಣಿಸಿ, ಬಾರದೆ ಉಳಿದವರನ್ನು ಎಣಿಸದಿದ್ದರೆ ಲಾಭ ದೊಡ್ಡದಾಗಿಯೇ ಕಾಣುತ್ತದೆ. ಇದರ ಮೇಲೆ ಇನ್ನೊಂದು ತೊಡಕೂ ಸೇರಿತ್ತು. ಅದೇ ವರ್ಷದ ಜನವರಿ 23ರಿಂದ, ಕೆರಿಬಿಯನ್‌ನಿಂದ ವಿಮಾನದಲ್ಲಿ ಮರಳುವ ಅಮೆರಿಕನ್ನರಿಗೆ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಇಲ್ಲದೆಯೇ ಹೋಗಿಬರುತ್ತಿದ್ದ ಸಾವಿರಾರು ಮನೆಗಳವರು ಹಿಂಜರಿದರು. ಹೀಗಿರುವಾಗ ಆ ವರ್ಷದ ಏರಿಳಿತವನ್ನೆಲ್ಲ ವಿಶ್ವಕಪ್ಪಿನ ಖಾತೆಗೆ ಬರೆಯುವುದು ನ್ಯಾಯವಲ್ಲ.

ಆ ವಿಶ್ವಕಪ್‌ನಿಂದ ಕಲಿಯುವುದು ಇನ್ನೂ ಬಹಳ ಇದೆ. ಎಂಟು ದೇಶಗಳು ಸೇರಿ 51 ಪಂದ್ಯ ನಡೆಸಿದ್ದು ಸಣ್ಣ ಸಾಹಸವಲ್ಲ. ಈ ದ್ವೀಪಗಳು ಒಂದೇ ಕ್ರಿಕೆಟ್ ತಂಡವಾಗಿ ಆಡುತ್ತವೆ, ಆದರೆ ಪ್ರವಾಸಿಗನಿಗೆ ಅವು ಬೇರೆ ಬೇರೆ ದೇಶಗಳು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿಸಲ ವಲಸೆ ತಪಾಸಣೆ ಆಗಬಾರದೆಂದು ಕೆರಿಬಿಯನ್ ದೇಶಗಳ ಕ್ಯಾರಿಕಾಮ್ ಒಕ್ಕೂಟ ಹತ್ತು ದೇಶಗಳನ್ನು ಒಂದೇ ಪ್ರಯಾಣ ವಲಯವಾಗಿ ಮಾಡಿತು. ಪಂದ್ಯವೇ ಸಿಗದ ಡೊಮಿನಿಕಾ, ಅಭ್ಯಾಸ ಪಂದ್ಯ ಮಾತ್ರ ಪಡೆದ ಸೇಂಟ್ ವಿನ್ಸೆಂಟ್ ಕೂಡ ಅದರೊಳಗಿದ್ದವು. ನೆರೆದ್ವೀಪಗಳಿಗೆ ಆ ಕೂಟ ಕೊಟ್ಟ ಅತ್ಯುತ್ತಮ ಕೊಡುಗೆ ಇದೇ ಎಂದು ನನ್ನ ಅಭಿಪ್ರಾಯ. ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ಗೆ ಬಂದವನು ಬಿಡುವಿನ ಮೂರು ದಿನ ಡೊಮಿನಿಕಾದ ಮಳೆಕಾಡು ನೋಡಿ ಬರಲು ಹೊಸ ಮುದ್ರೆ ಬೇಕಿರಲಿಲ್ಲ. ಆದರೆ ಅದೇ ಕೈ ಅನೇಕ ದೇಶಗಳ ಪ್ರಜೆಗಳಿಗೆ 100 ಡಾಲರ್‌ನ ಹೊಸ ವೀಸಾವನ್ನೂ ಹೇರಿತು. ಹಿಂದೆ ವೀಸಾವೇ ಬೇಡದೆ ಬರುತ್ತಿದ್ದವರು ಇದಕ್ಕಾಗಿ ಅರ್ಜಿ ಹಾಕಿ ಅಲೆಯಬೇಕಾಯಿತು. ಒಂದು ಬಾಗಿಲು ತೆರೆದು ಇನ್ನೊಂದನ್ನು ಮುಚ್ಚಿದ ಆ ವ್ಯವಸ್ಥೆ 2007ರ ಮೇ 15ಕ್ಕೆ ಮುಗಿದೇಹೋಯಿತು. ತೆರೆದ ಬಾಗಿಲನ್ನಾದರೂ ಹಾಗೇ ಉಳಿಸಿಕೊಳ್ಳಬಹುದಿತ್ತು.

ವಿಮಾನದ ಕಥೆಯೂ ಇಂಥದ್ದೇ. ಟ್ರಿನಿಡಾಡ್‌ನ ಹಳೆಯ ವಿಮಾನ ಸಂಸ್ಥೆ ಬಿಡಬ್ಲ್ಯುಐಎ 2006ರ ಡಿಸೆಂಬರ್ 31ರಂದು ಬಾಗಿಲು ಹಾಕಿ, ಮರುದಿನ ಕೆರಿಬಿಯನ್ ಏರ್‌ಲೈನ್ಸ್ ಎಂಬ ಹೊಸ ಹೆಸರಿನ ಸಂಸ್ಥೆ ಹಾರಾಟ ತೊಡಗಿತು. ವಿಶ್ವಕಪ್‌ಗೆ ಆಗ ಉಳಿದಿದ್ದದ್ದು ಎರಡೂವರೆ ತಿಂಗಳು. ಭೂಪಟದಲ್ಲಿ ಬೆರಳಿಗೆ ಬೆರಳು ತಾಗುವಷ್ಟು ಹತ್ತಿರವಿರುವ ದ್ವೀಪಗಳ ನಡುವೆ ಸೀಟು ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಅಭಿಮಾನಿ ತನ್ನ ತಂಡದ ಜೊತೆ ಒಂದು ದ್ವೀಪದಲ್ಲಿ ಇಳಿದು ಅಲ್ಲೇ ಉಳಿದ. ನಡುವಿನ ದ್ವೀಪಗಳ ಪಾಲಿಗೆ ಅವನು ಬರಲೇ ಇಲ್ಲ.

ಮೈದಾನಗಳ ವಿಷಯ ಹೇಳುವಾಗ ಬೇಸರವಾಗುತ್ತದೆ. ಆಂಟಿಗುವಾದ ರಾಜಧಾನಿಯ ನಡುವೆ ಇದ್ದ ರಿಕ್ರಿಯೇಷನ್ ಗ್ರೌಂಡ್ ಎಂದರೆ ಡೋಲು, ಶಂಖ, ಹಾಡು, ಕುಣಿತ. ಅದನ್ನು ಬಿಟ್ಟು ಊರಾಚೆ ನಾರ್ತ್ ಸೌಂಡ್‌ನಲ್ಲಿ ಚೀನಾದ ನೆರವಿನಿಂದ ವಿವಿಯನ್ ರಿಚರ್ಡ್ಸ್ ಹೆಸರಿನ ಹೊಸ ಕ್ರೀಡಾಂಗಣ ಕಟ್ಟಿದರು. ಟಿಕೆಟ್ ದರ ಸ್ಥಳೀಯರ ಕೈಗೆ ಎಟುಕಲಿಲ್ಲ. ವಾದ್ಯಗಳಿಗೆ, ಮನೆಯಿಂದ ತರುವ ತಿಂಡಿ ತೀರ್ಥಗಳಿಗೆ ನಿರ್ಬಂಧ ಬಿತ್ತು. ದೂರದಿಂದ ಬಂದವನು ನೋಡಲು ಬಯಸಿದ್ದೇ ಆ ಕೆರಿಬಿಯನ್ ಗದ್ದಲವನ್ನು, ಅದನ್ನೇ ಗೇಟಿನ ಹೊರಗೆ ನಿಲ್ಲಿಸಿದರೆ ಅವನು ಕಂಡದ್ದು ಖಾಲಿ ಕುರ್ಚಿಗಳನ್ನು. ಎರಡು ವರ್ಷದ ಮೇಲೆ, 2009ರ ಫೆಬ್ರವರಿಯಲ್ಲಿ, ಇಂಗ್ಲೆಂಡ್ ಎದುರಿನ ಟೆಸ್ಟ್ ಅದೇ ಹೊಸ ಮೈದಾನದಲ್ಲಿ ಹತ್ತೇ ಎಸೆತಗಳಿಗೆ ನಿಂತಿತು. ಮರಳು ತುಂಬಿದ ನೆಲದಲ್ಲಿ ಬೌಲರುಗಳಿಗೆ ಓಡಲಾಗಲಿಲ್ಲ. ಇಂಗ್ಲೆಂಡಿನಿಂದ ಬಂದಿದ್ದ ಅಭಿಮಾನಿಗಳಿಗಾಗಿ ಆಟವನ್ನು ತರಾತುರಿಯಲ್ಲಿ ಸ್ಥಳಾಂತರಿಸಿದ್ದು ಎಲ್ಲಿಗೆ ಎಂದರೆ, ಬಿಟ್ಟುಹೋಗಿದ್ದ ಹಳೆಯ ರಿಕ್ರಿಯೇಷನ್ ಗ್ರೌಂಡಿಗೇ.

ಆ ಇಂಗ್ಲಿಷ್ ಅಭಿಮಾನಿಗಳನ್ನು ಇಲ್ಲಿ ಗಮನಿಸಬೇಕು. ಕೆಲವು ವರ್ಷಗಳಿಗೊಮ್ಮೆ ಇಂಗ್ಲೆಂಡ್ ತಂಡ ವೆಸ್ಟ್ ಇಂಡೀಸ್‌ಗೆ ಟೆಸ್ಟ್ ಆಡಲು ಬಂದಾಗ ಸಾವಿರಾರು ಜನ ಹಿಂದೆಯೇ ಬರುತ್ತಾರೆ. ಐದು ದಿನದ ಆಟ, ನಡುವೆ ಕಡಲು, ರಮ್, ಮೀನು, ದ್ವೀಪದಿಂದ ದ್ವೀಪಕ್ಕೆ ಸಾಗುವ ಸಾವಕಾಶದ ಪ್ರವಾಸ. ಇವರಿಗಾಗಿ ಹೊಸ ಕ್ರೀಡಾಂಗಣ ಬೇಡ, ವಿಶೇಷ ಕಾನೂನೂ ಬೇಡ. ಪ್ರವಾಸೋದ್ಯಮದ ಕಣ್ಣಿನಿಂದ ನೋಡಿದರೆ, ಬಾರ್ಬಡೋಸ್‌ನಂಥ ದ್ವೀಪಕ್ಕೆ ನಿಯಮಿತವಾಗಿ ಬರುವ ಇಂಥ ಸರಣಿ ಒಮ್ಮೆ ಬಂದು ಹೋಗುವ ವಿಶ್ವಕಪ್‌ಗಿಂತ ಹೆಚ್ಚು ಬೆಲೆಯುಳ್ಳದ್ದು.

ಇನ್ನು ನಿಜವಾದ ಅರ್ಥದ ನೆರೆದ್ವೀಪಗಳು. ತಾವು ಪಂದ್ಯ ನಡೆಸದೆ, ಪಕ್ಕದ ದೊಡ್ಡ ದೇಶದ ಕೂಟದಿಂದ ಏನಾದರೂ ಬರಬಹುದೇ ಎಂದು ಕಾಯುವವು. 2010ರ ಜೂನ್ 11ರಿಂದ ಜುಲೈ 11ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಹಿಂದೂ ಮಹಾಸಾಗರದ ಮಾರಿಷಸ್, ಸೇಶೆಲ್ಸ್, ರೀಯೂನಿಯನ್‌ಗಳು ಹೀಗೆ ಕಾದವು. ಜೋಹಾನ್ಸ್‌ಬರ್ಗ್‌ನಿಂದ ಮಾರಿಷಸ್‌ಗೆ ನಾಲ್ಕು ಗಂಟೆಯ ಹಾರಾಟ. ಜೂನ್, ಜುಲೈ ಅಲ್ಲಿಯ ಚಳಿಗಾಲ, ಹೋಟೆಲುಗಳಿಗೆ ಆಫ್ ಸೀಸನ್. ಹೊರಟುಹೋಗುವ ಹಳೆಯ ಅತಿಥಿಗಳು ಆಗ ಕಡಿಮೆ, ಬಂದಷ್ಟೂ ಲಾಭವೇ. ಎಣಿಕೆ ಸರಿಯಾಗಿಯೇ ಇತ್ತು.

ಆದರೆ ದಕ್ಷಿಣ ಆಫ್ರಿಕಾಕ್ಕೇ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಒಂದು ಹಂತದಲ್ಲಿ 4.83 ಲಕ್ಷ ವಿದೇಶಿ ಪ್ರೇಕ್ಷಕರ ಅಂದಾಜು ಇತ್ತು. ಜಾಗತಿಕ ಆರ್ಥಿಕ ಕುಸಿತದ ಮೇಲೆ ಅದನ್ನು 3.73 ಲಕ್ಷಕ್ಕೆ ಇಳಿಸಿದರು. ಕೊನೆಗೆ ವಿಶ್ವಕಪ್‌ಗೆಂದೇ ಬಂದವರು ಸುಮಾರು 3.1 ಲಕ್ಷ ಎಂದು ಆ ದೇಶದ ಪ್ರವಾಸೋದ್ಯಮ ಸಂಸ್ಥೆ ಹೇಳಿತು. ಥಾಮಸ್ ಪೀಟರ್ಸ್, ವಿಕ್ಟರ್ ಮ್ಯಾಥಿಸನ್, ಸ್ಟೆಫಾನ್ ಷಿಮಾನ್ಸ್ಕಿ ಎಂಬ ಅರ್ಥಶಾಸ್ತ್ರಜ್ಞರು ತಿಂಗಳುವಾರು ಅಂಕಿಗಳನ್ನು ಹರಡಿಕೊಂಡು, ಕೂಟ ಇಲ್ಲದಿದ್ದರೂ ಬರುತ್ತಿದ್ದವರನ್ನು ಕಳೆದು ನೋಡಿದರು. ದಕ್ಷಿಣ ಆಫ್ರಿಕಾ ವಲಯದ ಹೊರಗಿನಿಂದ ಆ ದಿನಗಳಲ್ಲಿ ಹೆಚ್ಚುವರಿಯಾಗಿ ಬಂದವರು ಸುಮಾರು 2.2 ಲಕ್ಷ ಎಂಬುದು ಅವರ ತೀರ್ಮಾನ. ಹೀಗೆ ಹೆಚ್ಚಾಗಿ ಬಂದ ಒಬ್ಬೊಬ್ಬರ ತಲೆಯ ಮೇಲೆ ಆತಿಥೇಯ ದೇಶಕ್ಕೆ ಸುಮಾರು 13,000 ಡಾಲರ್ ಖರ್ಚು ಬಿದ್ದಿತ್ತು.

ಬಂದವನು ಮಾರಿಷಸ್‌ಗೆ ಹೋದನೇ? ಅಂಕಿಗಳನ್ನು ನೋಡೋಣ. ಮಾರಿಷಸ್‌ಗೆ 2008ರಲ್ಲಿ 9.30 ಲಕ್ಷ ಪ್ರವಾಸಿಗರು ಬಂದಿದ್ದರು. ಆರ್ಥಿಕ ಕುಸಿತದ 2009ರಲ್ಲಿ ಅದು 8.71 ಲಕ್ಷಕ್ಕೆ ಇಳಿಯಿತು. 2010ರಲ್ಲಿ 9.35 ಲಕ್ಷ. 2009ರ ಪಕ್ಕದಲ್ಲಿಟ್ಟರೆ ದೊಡ್ಡ ನೆಗೆತ, 2008ರ ಪಕ್ಕದಲ್ಲಿಟ್ಟರೆ ಬಿದ್ದವನು ಎದ್ದು ನಿಂತದ್ದು, ಅಷ್ಟೆ. ವಿಶ್ವಕಪ್ ಇಲ್ಲದ 2011ರಲ್ಲಿ 9.65 ಲಕ್ಷ ಜನ ಬಂದರು. ಸೇಶೆಲ್ಸ್‌ನಲ್ಲೂ 2009ರ 1.57 ಲಕ್ಷ 2010ಕ್ಕೆ 1.75 ಲಕ್ಷವಾಗಿ, ಮರುವರ್ಷ 1.94 ಲಕ್ಷಕ್ಕೆ ಮುಟ್ಟಿತು. ಕೂಟ ಇಲ್ಲದ ವರ್ಷದಲ್ಲೂ ಬೆಳವಣಿಗೆ ಮುಂದುವರಿದಿದ್ದರೆ, ಕೂಟದ ಪಾಲು ಎಷ್ಟು ಎಂದು ಕೇಳುವುದು ಸಹಜ. ಮೂರು ಲೀಗ್ ಪಂದ್ಯಕ್ಕಾಗಿ ಹತ್ತು ಹನ್ನೆರಡು ದಿನ ಬರುವ ಅಭಿಮಾನಿಯ ಕೈಯಲ್ಲಿ ಸಮಯ ಕಡಿಮೆ. ಟಿಕೆಟ್, ಊರಿಂದೂರಿಗೆ ವಿಮಾನ ಎಂದು ಹಣವೂ ಖಾಲಿ. ಎರಡು ದಿನ ಬಿಡುವು ಸಿಕ್ಕರೆ ಅವನಿಗೆ ಕ್ರೂಗರ್ ಕಾಡು, ಕೇಪ್ ಟೌನ್ ಅಲ್ಲೇ ಕೈಯಳತೆಯಲ್ಲಿದ್ದವು.

ಹೆಚ್ಚು ಜಾಣತನದ ದಾರಿ ಹಿಡಿದದ್ದು ರೀಯೂನಿಯನ್. ಫ್ರಾನ್ಸಿನದೇ ಭಾಗವಾದ ಆ ದ್ವೀಪ ಅಭಿಮಾನಿಗೆ ಕಾಯದೆ ತಂಡವನ್ನೇ ಬರಮಾಡಿಕೊಂಡಿತು. ದಕ್ಷಿಣ ಆಫ್ರಿಕಾಕ್ಕೆ ಇಳಿಯುವ ಮುನ್ನ ಫ್ರಾನ್ಸ್ ತಂಡ ಅಲ್ಲಿ ತಂಗಿ, ಜೂನ್ 4ರಂದು ಸೇಂಟ್ ಪಿಯೇರ್ ಊರಿನಲ್ಲಿ ಚೀನಾ ಎದುರು ಅಭ್ಯಾಸ ಪಂದ್ಯ ಆಡಿತು. 0–1ರಿಂದ ಸೋತಿತು, ಮುಂದೆ ವಿಶ್ವಕಪ್‌ನಲ್ಲಿ ಆಟಗಾರರು ಅಭ್ಯಾಸಕ್ಕೇ ಇಳಿಯದೆ ಮುಷ್ಕರ ಹೂಡುವ ಮಟ್ಟಕ್ಕೆ ಆ ತಂಡ ಕುಸಿಯಿತು, ಅದು ಬೇರೆ ಮಾತು. ದ್ವೀಪಕ್ಕೆ ಬೇಕಾಗಿದ್ದದ್ದು ಪ್ಯಾರಿಸ್‌ನ ಟಿವಿಗಳಲ್ಲಿ ತನ್ನ ಹೆಸರು, ತನ್ನ ಬೆಟ್ಟ, ತನ್ನ ಕಡಲು. ಮುಖ್ಯ ಗಿರಾಕಿ ಫ್ರೆಂಚರೇ ಆಗಿರುವ ದ್ವೀಪಕ್ಕೆ ಇದಕ್ಕಿಂತ ನೇರವಾದ ಜಾಹೀರಾತು ಬೇರೆ ಬೇಕಿಲ್ಲ. ಅಭ್ಯಾಸ ಶಿಬಿರ ನಡೆಸಲು ಒಳ್ಳೆಯ ಹುಲ್ಲು, ಒಳ್ಳೆಯ ಹೋಟೆಲು, ಸಾಕಷ್ಟು ಏಕಾಂತ ಸಾಕು, ಇವೆಲ್ಲ ಪ್ರವಾಸಿ ದ್ವೀಪದಲ್ಲಿ ಮೊದಲೇ ಇರುತ್ತವೆ.

ಯೋಹಾನ್ ಫೌರೀ ಮತ್ತು ಮರಿಯಾ ಸಾಂಟಾನಾ-ಗಯೇಗೊ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ದೊಡ್ಡ ಕೂಟ ನಡೆಸಿದ ದೇಶಕ್ಕೆ ಆ ವರ್ಷ ಸರಾಸರಿ ಶೇ. 8ರಷ್ಟು ಹೆಚ್ಚು ಪ್ರವಾಸಿಗರು ಬರುತ್ತಾರೆ ಎಂದು ಅವರು ಕಂಡರು. ಆದರೆ ಯಾವ ಕೂಟ, ಯಾವ ದೇಶಗಳು ಆಡುತ್ತವೆ, ಸೀಸನ್ನಿನಲ್ಲೋ ಹೊರಗೋ ಎಂಬುದರ ಮೇಲೆ ಫಲ ಬಹಳ ಬದಲಾಗುತ್ತದೆ ಎಂದೂ ಹೇಳಿದರು. ಸರಾಸರಿಯನ್ನು ಮಾತ್ರ ಹಿಡಿದುಕೊಂಡು ಯೋಜನೆ ಹಾಕುವವರು ಆ ಎರಡನೇ ಮಾತನ್ನು ಓದುವುದಿಲ್ಲ. 2004ರ ಆಗಸ್ಟಿನ ಅಥೆನ್ಸ್ ಒಲಿಂಪಿಕ್ಸ್ ಇದಕ್ಕೆ ಉದಾಹರಣೆ. ಗ್ರೀಕ್ ದ್ವೀಪಗಳ ಸೀಸನ್ನಿನ ನೆತ್ತಿಯ ಮೇಲೆ ಬಂದ ಆ ಕೂಟದ ವರ್ಷ ಗ್ರೀಸ್‌ಗೆ ಬಂದ ಒಟ್ಟು ವಿದೇಶಿಯರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಇಳಿಯಿತು. ದುಬಾರಿ, ಗದ್ದಲ, ಭಯೋತ್ಪಾದನೆಯ ಅಂಜಿಕೆ ಎಂದು ಜನ ಹಿಂಜರಿದರು. 2005, 2006ರಲ್ಲಿ ಸಂಖ್ಯೆ ಮತ್ತೆ ಏರಿತು. ಒಲಿಂಪಿಕ್ಸ್‌ಗೆ ಮುನ್ನ ಸಿದ್ಧವಾದ ವಿಮಾನ ನಿಲ್ದಾಣ, ಮೆಟ್ರೊಗಳು ಇಂದಿಗೂ ದ್ವೀಪಗಳಿಗೆ ಹೊರಟವರ ಕೆಲಸಕ್ಕೆ ಬರುತ್ತಿವೆ.

ರಾಜಕೀಯ ಅಡ್ಡ ಬಂದರೆ ಈ ಯಾವ ಲೆಕ್ಕವೂ ನಿಲ್ಲುವುದಿಲ್ಲ. 2000ದ ಸೆಪ್ಟೆಂಬರ್‌ನಲ್ಲಿ ಸಿಡ್ನಿ ಒಲಿಂಪಿಕ್ಸ್ ನಡೆಯುವಾಗ, ಆಸ್ಟ್ರೇಲಿಯನ್ನರನ್ನೇ ಮುಖ್ಯ ಗಿರಾಕಿಗಳಾಗಿ ಹೊಂದಿದ್ದ ಫಿಜಿ ಅದರ ಲಾಭ ಪಡೆಯಬಹುದಿತ್ತು. ಮೇ ತಿಂಗಳಲ್ಲೇ ಅಲ್ಲಿ ದಂಗೆಯಾಗಿ, ಭಾರತ ಮೂಲದ ಪ್ರಧಾನಿ ಮಹೇಂದ್ರ ಚೌಧರಿ ಸಂಸತ್ತಿನೊಳಗೆ ಒತ್ತೆಯಾಳಾದರು. 1999ರಲ್ಲಿ 4.1 ಲಕ್ಷವಿದ್ದ ಪ್ರವಾಸಿಗರು ಆ ವರ್ಷ 2.94 ಲಕ್ಷಕ್ಕೆ ಕುಸಿದರು.

ಇದಕ್ಕಿಂತ ವಿಚಿತ್ರವಾದದ್ದು ಬಹ್ರೇನ್‌ನ ಕಥೆ. 2022ರ ನವೆಂಬರ್, ಡಿಸೆಂಬರ್‌ನಲ್ಲಿ ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್. ದೋಹಾದಲ್ಲಿ ಕೋಣೆಗಳು ಸಾಲವು ಎಂದು ನೆರೆಯ ಊರುಗಳಿಂದ ಪಂದ್ಯದ ದಿನ ಬಂದು ಹೋಗುವ ಶಟಲ್ ವಿಮಾನಗಳನ್ನು ಬಿಟ್ಟರು. ದುಬೈ, ಮಸ್ಕತ್, ರಿಯಾದ್, ಜಿದ್ದಾ, ಕುವೈತ್‌ಗಳಿಂದ ಜನ ಬೆಳಿಗ್ಗೆ ಹೊರಟು ರಾತ್ರಿ ಮರಳಿದರು. ದುಬೈ ಹೋಟೆಲುಗಳು ಭರ್ತಿಯಾದವು. ಎಲ್ಲರಿಗಿಂತ ಹತ್ತಿರವಿದ್ದ ದ್ವೀಪರಾಷ್ಟ್ರ ಬಹ್ರೇನ್‌ನಿಂದ ಒಂದೂ ನೇರ ವಿಮಾನ ಇರಲಿಲ್ಲ. 2017ರಲ್ಲಿ ಕತಾರ್ ಮೇಲೆ ಹೇರಿದ ದಿಗ್ಬಂಧನದಲ್ಲಿ ಬಹ್ರೇನ್ ಸೇರಿತ್ತು. 2021ರ ಜನವರಿಯಲ್ಲಿ ದಿಗ್ಬಂಧನ ತೆರವಾದರೂ ಈ ಎರಡು ದೇಶಗಳ ನಡುವೆ ವಿಮಾನ ಮತ್ತೆ ಹಾರಿದ್ದು 2023ರ ಮೇ ತಿಂಗಳಲ್ಲಿ, ವಿಶ್ವಕಪ್ ಮುಗಿದು ಐದು ತಿಂಗಳ ಮೇಲೆ. ಎರಡನ್ನೂ ಕೂಡಿಸಬೇಕಿದ್ದ ಸೇತುವೆಯ ಯೋಜನೆ ಎಷ್ಟೋ ವರ್ಷಗಳಿಂದ ಕಾಗದದ ಮೇಲಿದೆ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಬಹ್ರೇನ್‌ನ ಮನಾಮಾದಲ್ಲೂ ದೋಹಾದಲ್ಲೂ ದುಡಿಯುತ್ತಾರೆ. ಅಣ್ಣ ಒಂದು ದಡದಲ್ಲಿ, ತಮ್ಮ ಇನ್ನೊಂದು ದಡದಲ್ಲಿ ಇರುವವರಿಗೆ ಆ ಸಣ್ಣ ಕಡಲು ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಮಗೆ ಅತ್ಯಂತ ಸಮೀಪದ ದ್ವೀಪರಾಷ್ಟ್ರ ಶ್ರೀಲಂಕಾ, ಅದರ ಪಾಠವೂ ಅಷ್ಟೇ ಕಠಿಣ. 1996ರ ವಿಶ್ವಕಪ್ಪನ್ನು ಭಾರತ, ಪಾಕಿಸ್ತಾನಗಳ ಜೊತೆ ಅದು ಸೇರಿ ನಡೆಸಿತು. ಜನವರಿ 31ರಂದು ಕೊಲಂಬೊದ ಕೇಂದ್ರ ಬ್ಯಾಂಕಿನ ಮೇಲೆ ಬಾಂಬ್ ದಾಳಿ ನಡೆದ ಮೇಲೆ ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ಅಲ್ಲಿ ಆಡಲು ಒಪ್ಪಲಿಲ್ಲ. ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಕೊಲಂಬೊಗೆ ಹೋಗಿ ಆಡಿ ಧೈರ್ಯ ಹೇಳಿ ಬಂದರು. ಮುಂದೆ ಶ್ರೀಲಂಕಾ ಕಪ್ಪನ್ನೇ ಗೆದ್ದಿತು. ಜಗತ್ತಿನ ಬಾಯಲ್ಲೆಲ್ಲ ಅದರ ಹೆಸರು. ಆದರೂ 1995ರಲ್ಲಿ 4 ಲಕ್ಷ ದಾಟಿದ್ದ ಪ್ರವಾಸಿಗರು 1996ರಲ್ಲಿ 3 ಲಕ್ಷಕ್ಕೆ ಇಳಿದರು. ಜಯಸೂರ್ಯ, ಅರವಿಂದ ಡಿ ಸಿಲ್ವ ಬ್ಯಾಟಿನಿಂದ ಆಗದ ಕೆಲಸ 2009ರ ಮೇ ತಿಂಗಳಲ್ಲಿ ಅಂತರ್ಯುದ್ಧ ನಿಂತಾಗ ಆಯಿತು. ಆ ವರ್ಷ 4.48 ಲಕ್ಷವಿದ್ದದ್ದು 2010ರಲ್ಲಿ 6.54 ಲಕ್ಷ, 2011ರಲ್ಲಿ 8.56 ಲಕ್ಷ. 2011ರಲ್ಲಿ ಮತ್ತೆ ವಿಶ್ವಕಪ್ ಪಂದ್ಯಗಳಿದ್ದವು ನಿಜ, ಆದರೆ ಏರಿಕೆ ಅದಕ್ಕೂ ಮೊದಲೇ ತೊಡಗಿತ್ತು. ಆ ಹುಮ್ಮಸ್ಸಿನಲ್ಲಿ ಹಂಬನ್‌ತೊಟದ ಬಳಿ ಸೂರಿಯವೆವದಲ್ಲಿ ಕಟ್ಟಿದ ದೊಡ್ಡ ಕ್ರೀಡಾಂಗಣಕ್ಕೆ ಆಮೇಲೆ ಪಂದ್ಯಗಳು ಅಪರೂಪ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಹಂಬನ್‌ತೊಟ ಸ್ಪರ್ಧಿಸಿ ಗೋಲ್ಡ್ ಕೋಸ್ಟ್ ಎದುರು ಸೋತಿತು.

ರಾಜಕೀಯ ಒಮ್ಮೊಮ್ಮೆ ಕೊಡುವುದೂ ಉಂಟು. 2023ರ ಏಷ್ಯಾ ಕಪ್‌ನ ಆತಿಥ್ಯ ಪಾಕಿಸ್ತಾನದ್ದು. ಭಾರತ ಅಲ್ಲಿಗೆ ಹೋಗದ ಕಾರಣ ಹೆಚ್ಚಿನ ಪಂದ್ಯಗಳು ಶ್ರೀಲಂಕಾಕ್ಕೆ ಬಂದವು. ಕೊಲಂಬೊದಲ್ಲಿ ಮಳೆಯಿಂದ ಎರಡು ದಿನಕ್ಕೆ ಹರಿದ ಭಾರತ–ಪಾಕಿಸ್ತಾನ ಪಂದ್ಯದಲ್ಲಿ ನಮ್ಮ ಕೆ.ಎಲ್. ರಾಹುಲ್ ಗಾಯದಿಂದ ಮರಳಿ ಶತಕ ಹೊಡೆದರು. ಆ ಸೆಪ್ಟೆಂಬರಿನಲ್ಲಿ ಮೋಡ ಕವಿದ ಕಾರಣ ಗ್ಯಾಲರಿಗಳು ತುಂಬಲಿಲ್ಲ. ಆದರೆ ಹಿಂದಿನ ವರ್ಷವಷ್ಟೇ ಪೆಟ್ರೋಲಿಗೆ ಕಿಲೋಮೀಟರುಗಟ್ಟಲೆ ಸಾಲು ನಿಂತಿದ್ದ ದೇಶ ನೆಮ್ಮದಿಯಾಗಿ ಪಂದ್ಯ ನಡೆಸುತ್ತಿದೆ ಎಂಬುದನ್ನು ಭಾರತದ ಕೋಟ್ಯಂತರ ಮನೆಗಳು ಟಿವಿಯಲ್ಲಿ ಕಂಡವು. ಆ ವರ್ಷ ಶ್ರೀಲಂಕಾಕ್ಕೆ ಬಂದ 14.87 ಲಕ್ಷ ಪ್ರವಾಸಿಗರಲ್ಲಿ 3 ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು. ಕಪ್‌ನಿಂದಲೇ ಬಂದರು ಎನ್ನಲಾರೆ. ಭಯ ಕಳೆಯಲು ಆ ದೃಶ್ಯಗಳು ನೆರವಾದವು ಎಂದು ನಂಬುತ್ತೇನೆ.

ಟಿವಿಯ ಮಾತು ಬಂದಾಗ 2024ರ ಟಿ20 ವಿಶ್ವಕಪ್ಪನ್ನು ಬಿಡುವಂತಿಲ್ಲ. ಅಮೆರಿಕ ಮತ್ತು ವೆಸ್ಟ್ ಇಂಡೀಸ್ ಜಂಟಿಯಾಗಿ ಜೂನ್‌ನಲ್ಲಿ, ಅಂದರೆ ಸೀಸನ್ ಮುಗಿದ ಮೇಲೆ, ಇದನ್ನು ನಡೆಸಿದವು. ಹೀಗೆ ಹಳೆಯ ತಪ್ಪೊಂದನ್ನು ತಿದ್ದಿಕೊಂಡಂತಾಯಿತು. ಕ್ರೀಡಾಂಗಣದ ಕೆಲಸ ಹೊತ್ತಿಗೆ ಮುಗಿಯದೆಂದು ಡೊಮಿನಿಕಾ ಮೊದಲೇ ಹಿಂದೆ ಸರಿಯಿತು. ಅದು ಸೋಲಲ್ಲ, ವಿವೇಕ. ಆದರೆ ದ್ವೀಪಗಳ ನಡುವಿನ ಹಳೆಯ ಕೊಂಡಿಯಾಗಿದ್ದ ಲಿಯಾಟ್ ವಿಮಾನ ಸಂಸ್ಥೆ ಅದೇ ವರ್ಷದ ಜನವರಿಯಲ್ಲಿ ಹಾರಾಟ ನಿಲ್ಲಿಸಿತ್ತು. ಭಾರತದ ಪಂದ್ಯಗಳು ಬೆಳಿಗ್ಗೆ ಹತ್ತೂವರೆಗೆ ಶುರುವಾದವು, ಏಕೆಂದರೆ ಬೆಂಗಳೂರಿನಲ್ಲಿ ಆಗ ರಾತ್ರಿ ಎಂಟು. ಸ್ಥಳೀಯರಿಗೆ ಕೆಲಸದ ಹೊತ್ತು, ಪ್ರವಾಸಿಗೆ ಸಮುದ್ರದ ಹೊತ್ತು. ಸೆಮಿಫೈನಲ್‌ಗೆ ತಲುಪಿದರೆ ಭಾರತ ಆಡುವುದು ಗಯಾನಾದಲ್ಲೇ ಎಂದು ಮೊದಲೇ ಗೊತ್ತುಮಾಡಿದ್ದರು. ಆ ಪ್ರಾವಿಡೆನ್ಸ್ ಕ್ರೀಡಾಂಗಣ 2007ರ ವಿಶ್ವಕಪ್‌ಗೆಂದು ಭಾರತದ ಅನುದಾನ ಮತ್ತು ಸಾಲದಿಂದಲೇ ಎದ್ದದ್ದು. ಜೂನ್ 29ರಂದು ಬ್ರಿಡ್ಜ್‌ಟೌನ್‌ನಲ್ಲಿ ಭಾರತ ಗೆದ್ದಿತು. ನಾಯಕನಾಗಿ ಅದೇ ದ್ವೀಪಸಮೂಹದಲ್ಲಿ ಕುಸಿದಿದ್ದ ದ್ರಾವಿಡ್ ಈಗ ಕೋಚ್ ಆಗಿ ಕಪ್ ಎತ್ತಿದರು. ಎರಡೇ ದಿನದಲ್ಲಿ ಬೆರಿಲ್ ಚಂಡಮಾರುತ ಬಂದು ತಂಡ ಬಾರ್ಬಡೋಸ್‌ನಲ್ಲೇ ಸಿಕ್ಕಿಹಾಕಿಕೊಂಡಿತು, ಏರ್ ಇಂಡಿಯಾದ ವಿಶೇಷ ವಿಮಾನ ಹೋಗಿ ಕರೆತಂದಿತು. ನಮ್ಮ ಸುದ್ದಿವಾಹಿನಿಗಳು ಆ ಹೋಟೆಲಿನ ಕಿಟಕಿಯನ್ನೇ ತೋರಿಸುತ್ತಿದ್ದಾಗ, ಗ್ರೆನಾಡಾಕ್ಕೆ ಸೇರಿದ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪದಲ್ಲಿ ಬಹುತೇಕ ಎಲ್ಲ ಮನೆಗಳ ಸೂರು ಹಾರಿಹೋಗಿತ್ತು. ಕ್ರಿಕೆಟ್ ನೋಡಿದ ಜಗತ್ತು ಅದನ್ನು ಅಷ್ಟಾಗಿ ನೋಡಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಆಫ್ ಸೀಸನ್ ಎಂದರೆ ಕಡಿಮೆ ದರ ಮಾತ್ರವಲ್ಲ, ಚಂಡಮಾರುತದ ಕಾಲವೂ ಹೌದು.

ಮುಂದಿನ ಪರೀಕ್ಷೆ ದೂರವಿಲ್ಲ. 2027ರ ಅಕ್ಟೋಬರ್, ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾಗಳಲ್ಲಿ ಏಕದಿನ ಕ್ರಿಕೆಟ್ ವಿಶ್ವಕಪ್. ಈ ಸಲ ದೊಡ್ಡ ಸಂಖ್ಯೆಯಲ್ಲಿ ಹೊರಡುವವರು ಭಾರತೀಯರು, ಮಾರಿಷಸ್‌ಗೆ ನಮಗೆ ವೀಸಾದ ತಾಪತ್ರಯವಿಲ್ಲ, ಅಲ್ಲಿಯ ಜನಸಂಖ್ಯೆಯ ಬಹುಪಾಲು ಭಾರತೀಯ ಮೂಲದ್ದು, ಡಿಸೆಂಬರಿನ ಗದ್ದಲ ಆಗಿನ್ನೂ ತೊಡಗಿರುವುದಿಲ್ಲ. 2010ರಲ್ಲಿ ಹೀಗೆ ಒಟ್ಟಿಗೆ ಸಿಗದಿದ್ದ ಅನುಕೂಲಗಳು ಇವು. ಆದರೆ ಮುಂಬೈಯಿಂದ ಹೊರಟವನು ಮಾರಿಷಸ್‌ನಲ್ಲಿ ನಾಲ್ಕು ದಿನ ಇಳಿದು ಜೋಹಾನ್ಸ್‌ಬರ್ಗ್‌ಗೆ ಮುಂದುವರಿಯಲು ಒಂದೇ ಟಿಕೆಟ್ಟಿನಲ್ಲಿ, ಕೈಗೆಟಕುವ ದರದಲ್ಲಿ ಸೀಟು ಸಿಗಬೇಕು. ಹೋಟೆಲಿನವರು ಭಾರತದ ಪಂದ್ಯದ ದಿನ ನೋಡಿ ದರ ಏರಿಸಬಾರದು. ಅಭ್ಯಾಸಕ್ಕೆ ಬರುವ ತಂಡಗಳಿಗೆ ಈಗಲೇ ಕರೆ ಹೋಗಬೇಕು. ವಿಮಾನದ ವೇಳಾಪಟ್ಟಿಗಳು ತಿಂಗಳುಗಳ ಮುಂಚೆ ಗಟ್ಟಿಯಾಗುತ್ತವೆ. ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಯವರು ಆ ಮಾತುಕತೆಗೆ ಕೂರಬೇಕಾದದ್ದು ಮೊದಲ ಚೆಂಡು ಬೀಳುವುದಕ್ಕೆ ಎಷ್ಟೋ ಮುನ್ನ.